ಆಚೆಯೂರಿನವರ ಗಡಿಗೆ

"ಗುರುಗಳೇ, ಈ ಭೂಮಿಯ ಮೇಲೆ ಯಾರೂ ಕಾಲಿಡದ ಜಾಗ ಎಲ್ಲಿದೆ?"

ಹೀಗೆ ಕೇಳಿದ ಶಿಷ್ಯ ಆಗಷ್ಟೇ ಸಂಚಾರ ಮುಗಿಸಿ ಮಠಕ್ಕೆ ಮರಳಿದ್ದ. ಹೆಗಲ ಜೋಳಿಗೆ ಇನ್ನೂ ಗೂಟಕ್ಕೆ ಏರಿರಲಿಲ್ಲ, ಮಾತು ಮಾತ್ರ ಆಗಲೇ ಅಂಗಳ ತುಂಬಿತ್ತು. ಮೂಡಣ ಬೆಟ್ಟಸಾಲನ್ನು ದಾಟಿ, ಕುರಿ ಕಾಯುವವರೂ ಹೋಗಲು ಹಿಂಜರಿಯುವ ಒಂದು ಕೋಡುಗಲ್ಲಿನ ತನಕ ಹೋಗಿ ಬಂದಿದ್ದನಂತೆ. ಅಲ್ಲೊಂದು ಹಾಳುಗುಡಿ, ಗುಡಿಯ ಮುಂದೆ ಬಂಡೆಯಲ್ಲೇ ಆದ ಒಂದು ದೊಣೆ, ಅದರ ತುಂಬ ತಿಳಿನೀರು. ಆ ಜಾಗವನ್ನು ನೋಡಿದೆ ಎನ್ನುವ ಇನ್ನೊಬ್ಬ ಮನುಷ್ಯ ಅವನಿಗೆ ಈವರೆಗೆ ಸಿಕ್ಕಿಲ್ಲವಂತೆ.

"ನಾನೊಬ್ಬನೇ ಹೋದೆ" ಎಂದ. "ಯಾರ ಸಹಾಯವನ್ನೂ ಕೇಳಲಿಲ್ಲ. ದೇವರ ದಯೆ, ಬರಿಗಾಲಲ್ಲಿ ಹೋಗಿ ಬಂದರೂ ಒಂದು ಮುಳ್ಳು ಚುಚ್ಚಲಿಲ್ಲ. ಇನ್ನು ಇದಕ್ಕಿಂತ ದೂರ ಹೋಗಬೇಕು. ನನಗಿಂತ ಮೊದಲು ಯಾರೂ ಹೋಗಿರದ ಕಡೆಗೆ ಹೋಗಬೇಕು. ಅಂಥ ಜಾಗ ಎಲ್ಲಿದೆ, ಹೇಳಿ."

ಗುರುಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಶಿಷ್ಯನ ಮುಖ ನೋಡಿದರು, ಅವನ ಪಾದ ನೋಡಿದರು, ಮತ್ತೆ ಕಾಯಿಗೆ ಕೈ ಹಾಕಿದರು.

"ಕಾಲು ತೊಳೆದುಕೊಂಡು ಬಾ, ಕೂತುಕೋ. ನಿನ್ನ ಹಾಗೆಯೇ ಕೇಳುತ್ತಿದ್ದವನೊಬ್ಬನ ಕತೆ ಇದೆ" ಎಂದರು.

ಶಿಷ್ಯ ಕಾಲು ತೊಳೆದು ಬಂದ. ಗುರುಗಳು ಒಂದು ಹಿಡಿ ಕಾಯಿಯನ್ನು ಅವನ ಮುಂದೆಯೂ ಸುರಿದು ಕತೆ ಶುರು ಮಾಡಿದರು.

ಒಬ್ಬ ಸಂಚಾರಿ ಇದ್ದ. ಮನೆಯಲ್ಲಿ ನಾಲ್ಕು ದಿನ ಕೂತರೆ ಅವನಿಗೆ ಅಂಗಾಲು ತುರಿಸುತ್ತಿತ್ತು. ಹಾಗೆಂದು ಜನ ಹೋಗುವ ಕಡೆಗೆ ಹೋಗುವವನಲ್ಲ. ಎಲ್ಲರೂ ಕಾಶಿಗೆ ಹೊರಟರೆ, ಕಾಶಿಯ ಹಾದಿ ಎಲ್ಲಿ ಕವಲೊಡೆಯುತ್ತದೆಂದು ಕೇಳಿಕೊಂಡು ಇವನು ಇನ್ನೊಂದು ಕವಲು ಹಿಡಿಯುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಮನೆಯವರು ನಗುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ಮಾರನೆಯ ದಿನ ನೋಡಿದರೆ ಜೋಳಿಗೆಯೂ ಇಲ್ಲ, ಅವನೂ ಇಲ್ಲ.

ಅವನು ನೋಡಿದ ಊರುಗಳು ನೋಡತಕ್ಕಂಥವೇ ಆಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಹೊಳೆಯೊಂದರ ನಡುಗಡ್ಡೆಯಲ್ಲಿ ಒಂದು ಊರಿತ್ತು. ಮಳೆಗಾಲ ಹತ್ತಿರವಾದಾಗ ಅಲ್ಲಿಯವರು ಗುಡಿಸಲುಗಳನ್ನು ಬಿಚ್ಚಿ ದೋಣಿಯಲ್ಲಿ ದಡಕ್ಕೆ ಸಾಗಿಸುತ್ತಿದ್ದರು. ಆದರೆ ತಮ್ಮ ಗುಡಿಸಲನ್ನು ತಾವೇ ಬಿಚ್ಚುತ್ತಿರಲಿಲ್ಲ. ಪ್ರತಿಯೊಬ್ಬರೂ ನೆರೆಯವರದನ್ನು ಬಿಚ್ಚುತ್ತಿದ್ದರು. ತಮ್ಮದನ್ನು ನೆರೆಯವರು ಬಂದು ಬಿಚ್ಚುವ ತನಕ, ಹೊಳೆ ಎಷ್ಟೇ ಏರಲಿ, ಕಾಯುತ್ತಿದ್ದರು. ಆ ಊರಿನಲ್ಲಿ ಅಕ್ಕಪಕ್ಕದವರು ಮಾತು ಬಿಟ್ಟು ಕೂತದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಮಾತು ಬಿಟ್ಟವನ ಮನೆ ಹೊಳೆಯ ಪಾಲು, ಮತ್ತೆ ಯಾರು ಬಿಡುತ್ತಾರೆ?

ಇನ್ನೊಂದು ಕಡೆ, ಕಲ್ಲುಗುಡ್ಡಗಳ ನಡುವಿನ ಒಂದು ಹಟ್ಟಿಯಲ್ಲಿ ಜನ ಸುತ್ತಲಿನ ಗುಡ್ಡಗಳನ್ನು ನೆಂಟಸ್ತಿಕೆ ಹಚ್ಚಿ ಕರೆಯುತ್ತಿದ್ದರು. ಆ ಕಡೆಯದು ದೊಡ್ಡಪ್ಪ, ಈ ಕಡೆಯದು ಸೋದರತ್ತೆ. ಅತ್ತೆಯಾದ ಗುಡ್ಡವನ್ನು ಏರುವಾಗ ಹೊಸ ಸೊಸೆಯರು ಸೆರಗು ಹೊದೆಯುತ್ತಿದ್ದರು. ದೊಡ್ಡಪ್ಪನ ಮೈಮೇಲಿನ ಮರ ಕಡಿಯುವುದಿದ್ದರೆ ಮೊದಲು ದೊಡ್ಡಪ್ಪನನ್ನು ಕೇಳಬೇಕು, ಕೇಳಿ ಒಂದು ದಿನ ಕಾಯಬೇಕು. ದೊಡ್ಡಪ್ಪ ಬೇಡವೆಂದರೆ ಹೇಗೆ ತಿಳಿಯುತ್ತದೆಂದು ಸಂಚಾರಿ ಕೇಳಿದ. ಒಂದು ದಿನ ಕಾದವನಿಗೆ ಮರ ನಿಜವಾಗಿ ಬೇಕೋ ಬೇಡವೋ ತಾನಾಗಿ ತಿಳಿಯುತ್ತದೆ ಎಂದರು.

ಇಂಥವನ್ನೆಲ್ಲ ಕಂಡಾಗ ಸಂಚಾರಿಯ ಎದೆ ತುಂಬಿ ಬರುತ್ತಿತ್ತು. ಇಷ್ಟು ದೊಡ್ಡ ಮನಸ್ಸಿನವರು ಇಷ್ಟು ಸಣ್ಣ ಊರುಗಳಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕಿದ್ದಾರಲ್ಲ ಎಂದು ಬೆರಗಾಗುತ್ತಿದ್ದ. ಬಯಲುಸೀಮೆಯ ಊರುಕಟ್ಟೆಗಳಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದ. ಒಂದು ಸಾಸಿವೆಯಷ್ಟೂ ಸೇರಿಸುತ್ತಿರಲಿಲ್ಲ. ದೂರದ ಊರು ನೋಡಿ ಬಂದವನಿಗೆ ಸೇರಿಸದೆ ಹೇಳುವುದು ಎಷ್ಟು ಕಷ್ಟವೆಂದು ನಿನಗೆ ಗೊತ್ತಿರಬೇಕು.

ಒಳ್ಳೆಯವನೇ. ಆದರೆ ಅವನಿಗೊಂದು ಚಪಲವಿತ್ತು. ಯಾವ ಊರಿಗೆ ಹೋದರೂ ನೀರು ಕುಡಿದು, ಬಾಯೊರೆಸಿಕೊಂಡು, ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ನನಗಿಂತ ಮೊದಲು ಇಲ್ಲಿಗೆ ಯಾರಾದರೂ ಬಂದಿದ್ದರೇ?" ಇಲ್ಲವೆಂದರೆ ಅವನ ಮುಖ ಅರಳುತ್ತಿತ್ತು. ಬಂದಿದ್ದರು ಎಂದರೆ, ಆ ಊರು ಎಷ್ಟೇ ಚೆಂದವಿರಲಿ, ಊಟದಲ್ಲಿ ಕಲ್ಲು ಸಿಕ್ಕವನಂತೆ ಆಗುತ್ತಿದ್ದ.

ಹೀಗಿರುವಾಗ ಒಂದು ಸಲ ಅವನು ಬೆಟ್ಟಸಾಲಿನ ಬುಡದ ಕಟ್ಟಕಡೆಯ ಊರಿಗೆ ಹೊರಟ. ಅಲ್ಲಿಂದ ಮುಂದೆ ಊರಿಲ್ಲ ಎಂದು ಕೆಳಗಿನವರೆಲ್ಲ ಹೇಳಿದ್ದರು. ಮಳೆಗಾಲ ಮುಗಿದಿತ್ತು. ಏರು ಇದ್ದರೂ ಹಾದಿ ಹಸನಾಗಿತ್ತು. ಹಸನಾದ ಹಾದಿಯನ್ನು ಯಾರು ನೋಡುತ್ತಾರೆ? ಅವನೂ ನೋಡಲಿಲ್ಲ. ಕಣ್ಣೆಲ್ಲ ಮುಂದಿನ ಬೆಟ್ಟದ ಮೇಲೆಯೇ ಇತ್ತು.

ಊರು ಸಣ್ಣದು. ಕಲ್ಲುಗೋಡೆಯ ಮನೆಗಳು, ಕುರಿಹಟ್ಟಿ, ಒಂದಿಷ್ಟು ನವಣೆ ಹೊಲ. ಅದರಾಚೆ ನೆಟ್ಟಗೆ ಏರುವ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಆಚೆಗೆ ದಾಟುವ ಒಂದು ಕಣಿವೆ. ಮೊದಲ ಮನೆಯ ಮುಂದೆ ಕೂತಿದ್ದ ಮುದುಕಿ ಅವನನ್ನು ಕಂಡು ಎದ್ದು ನಿಂತಳು. ಅವಳ ಹೆಸರು ಈರಜ್ಜಿ. ಸಾಮಾನ್ಯವಾಗಿ ಊರುಗಳಲ್ಲಿ ಯಾರು, ಯಾವ ಊರು ಎಂದು ಕೇಳುತ್ತಾರೆ. ಅವಳು ಹಾಗೆ ಕೇಳಲಿಲ್ಲ.

"ಯಾವ ಕಡೆಯಿಂದ ಬಂದೆ, ಮಗ?" ಎಂದಳು.

"ಕೆಳಗಿನಿಂದ ಬಂದೆ, ಅಜ್ಜಿ."

"ಕೆಳಗಿನಿಂದಲಾ?" ಎಂದಳು. ಮುಖದಲ್ಲಿ ಏನೋ ಒಂದು ಹೊತ್ತಿಕೊಂಡದ್ದು ಆರಿತು. ಆದರೂ ಅಕ್ಕರೆಯಿಂದಲೇ ಕೈ ಹಿಡಿದು ಕೂರಿಸಿದಳು, ಮಜ್ಜಿಗೆ ಕೊಟ್ಟಳು. ಆಮೇಲೆ ಬಂದ ನೆರೆಹೊರೆಯವರೂ ಅದನ್ನೇ ಕೇಳಿದರು, ಯಾವ ಕಡೆಯಿಂದ? ಉತ್ತರ ಕೇಳಿ ಅವರೂ ಹಾಗೆಯೇ ಸ್ವಲ್ಪ ಆರಿದರು.

ಸಂಚಾರಿ ಮಜ್ಜಿಗೆ ಕುಡಿದು ತನ್ನ ಎಂದಿನ ಪ್ರಶ್ನೆ ಕೇಳಿದ.

"ಕೆಳಗಿನಿಂದ ಅಪರೂಪಕ್ಕೆ ಯಾರಾದ್ರೂ ಬರ್ತಾರಪ್ಪ" ಎಂದಳು ಈರಜ್ಜಿ. "ಮೇಲಿನಿಂದ ಮಾತ್ರ ಯಾರೂ ಬಂದಿಲ್ಲ. ನಾವು ಕಾಯ್ತಿರೋದು ಅವರಿಗೇ."

ಮೇಲೆ ಇನ್ನೊಂದು ಊರಿದೆಯೇ? ಸಂಚಾರಿಯ ಕಿವಿ ನೆಟ್ಟಗಾಯಿತು.

ಇತ್ತಂತೆ. ಕಣಿವೆಯ ಆಚೆ. ಅದನ್ನು ಇವರು ಆಚೆಯೂರು ಎಂದೇ ಕರೆಯುತ್ತಿದ್ದರು. ಈರಜ್ಜಿಯ ಮುತ್ತಜ್ಜಿಯ ಕಾಲದಲ್ಲಿ ಮಳೆ ಕೈಕೊಟ್ಟು, ಈ ಊರಿನವರು ಎಳೆಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಕಣಿವೆ ದಾಟಿ ಹೋದರು. ಆಚೆಯೂರಿನವರು ಬಾಗಿಲು ತೆರೆದರು. ಕಣಜದ ಕಾಳು ಮುಗಿದಾಗ, ಬಿತ್ತನೆಗೆ ಕಟ್ಟಿಟ್ಟಿದ್ದ ಬೀಜದ ಕಾಳನ್ನೂ ಬೇಯಿಸಿ ಹಾಕಿದರು. ಮಳೆ ಬಂದ ಮೇಲೆ ಇವರು ಮರಳಿ ಬಂದರು. ಹೊರಡುವಾಗ ಒಂದು ಮಾತು ಕೊಟ್ಟರು. ನಿಮಗೆ ಕಷ್ಟ ಬಂದ ದಿನ ನಮ್ಮ ಕಡೆಗೆ ಬನ್ನಿ, ಹಾದಿ ತೆರೆದಿರುತ್ತದೆ.

ಆ ಮಾತನ್ನು ಅವರು ಬಿಟ್ಟಿರಲಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಮನೆಗೊಬ್ಬರಂತೆ ಮಚ್ಚು ಹಿಡಿದು ಹೊರಡುತ್ತಿದ್ದರು. ಊರಿನಿಂದ ಕಣಿವೆಯ ಬಾಯಿಯ ತನಕ ಹಾದಿಗೆ ಬಾಗಿದ ಮುಳ್ಳುಕಂಟಿ ಸವರುತ್ತಿದ್ದರು. ಮಂಜಿನಲ್ಲಿ ದಾರಿ ತಪ್ಪದಿರಲೆಂದು ಅಲ್ಲಲ್ಲಿ ಕಟ್ಟಿದ್ದ ಕಲ್ಲುಗುಪ್ಪೆಗಳಲ್ಲಿ ಬಿದ್ದವನ್ನು ಎತ್ತಿ ಕಟ್ಟುತ್ತಿದ್ದರು. ಕಣಿವೆಯ ಬಾಯಲ್ಲೊಂದು ಗವಿ. ಅಲ್ಲಿ ಒಣಸೌದೆ ಒಟ್ಟಿ, ಹುರಿಗಾಳು ಬೆಲ್ಲ ತುಂಬಿದ ಒಂದು ಗಡಿಗೆ ಇಟ್ಟು ಬರುತ್ತಿದ್ದರು. ಹಸಿದು ಬರುವವರಿಗೆ ಊರು ಮುಟ್ಟುವ ತನಕ ಆಸರೆಯಾಗಲಿ ಎಂದು. ಹಿಂದಿನ ವರ್ಷದ ಗಡಿಗೆಯನ್ನು ಕೆಳಗೆ ತಂದು ಊರಕಟ್ಟೆಯಲ್ಲಿ ತೆರೆಯುತ್ತಿದ್ದರು. ಅದು ಯಾವಾಗಲೂ ತುಂಬಿಯೇ ಇರುತ್ತಿತ್ತು. "ಈ ವರ್ಷ ಬರಲಿಲ್ಲ, ಬರೋ ವರ್ಷ ಬಂದಾರು" ಎಂದು ಹೇಳಿ, ಹುಳು ಹಿಡಿದ ಕಾಳನ್ನು ಕೋಳಿಗಳಿಗೆ ಚೆಲ್ಲುತ್ತಿದ್ದರು. ಆ ಮಾತು ಹೇಳುವ ಹಕ್ಕು ಈರಜ್ಜಿಯ ಮನೆಯದು. ಅವಳಮ್ಮ ಹೇಳುತ್ತಿದ್ದಳು, ಈಗ ಅವಳು ಹೇಳುತ್ತಿದ್ದಳು.

ಸಂಚಾರಿ ಎಷ್ಟೋ ಊರು ಕಂಡಿದ್ದ, ಇಂಥದ್ದನ್ನು ಕಂಡಿರಲಿಲ್ಲ. ಉಂಡ ಅನ್ನದ ಋಣವನ್ನು ಉಂಡವರೇ ಮರೆಯುವ ಲೋಕ ಇದು. ಇವರು ಮುತ್ತಜ್ಜಿಯರು ಉಂಡದ್ದಕ್ಕೆ ಹಾದಿ ಕಾಯುತ್ತಿದ್ದಾರೆ. ಅವನು ಕೂತಲ್ಲಿಂದಲೇ ಮನಸ್ಸಿನಲ್ಲಿ ಅವರಿಗೆ ಕೈಮುಗಿದ.

"ಅವರು ಹೇಗಿದ್ದಾರೆಂದು ಒಮ್ಮೆಯಾದರೂ ಹೋಗಿ ನೋಡಲಿಲ್ಲವೇ?" ಎಂದು ಕೇಳಿದ.

ಈರಜ್ಜಿ ನಾಲಿಗೆ ಕಚ್ಚಿಕೊಂಡಳು. "ಉಂಡ ಮನೆಗೆ ಕರೀದೆ ಹೋಗಿ ಇಣುಕೋದಾ? ಬಡವರಾದ್ರಾ ಅಂತ ನೋಡೋಕ್ ಬಂದ್ರು ಅಂದುಕೊಳ್ಳಲ್ವಾ? ಹಾದಿ ತೆಗೆದಿಡೋದು ನಮ್ಮ ಕೆಲಸ. ಬರೋದು ಬಿಡೋದು ಅವರಿಷ್ಟ."

ಇಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದ ಒಬ್ಬ ಗಂಡಸು ಮುಂದೆ ಬಂದ. ಅವನು ಆ ಊರಿನ ಗೌಡ, ನಡುವಯಸ್ಸಿನವನು.

"ಅಜ್ಜಿ ಹೇಳಿದ್ದೆಲ್ಲ ನಿಜ. ಹೇಳದೆ ಬಿಟ್ಟಿದ್ದೂ ಒಂದಿದೆ" ಎಂದ. "ಈ ಸಲ ಹಾದಿ ಸವರಿ, ಗಡಿಗೆ ಇಟ್ಟು ಇಳಿಯುವಾಗ ಬಂಡೆ ಜಾರಿತು. ನನ್ನ ತಮ್ಮನ ಕಾಲು ಹೋಯಿತು. ನಮ್ಮ ಮನೇಲಿ ಮಲಗಿದ್ದಾನೆ, ಬೇಕಾದರೆ ನೋಡಿ. ಬರೋರು ಇದ್ದಿದ್ದರೆ ನಾನು ನನ್ನ ಕಾಲನ್ನೂ ಕೊಡ್ತಿದ್ದೆ. ಇದ್ದಾರೋ ಇಲ್ಲವೋ ಗೊತ್ತಿಲ್ಲದೋರಿಗೆ ಇನ್ನೊಬ್ಬರ ಮನೆ ಮಗನನ್ನ ಹೇಗೆ ಕಳಿಸಲಿ?"

ಈರಜ್ಜಿ ತಲೆ ತಗ್ಗಿಸಿದಳು. ಅವನ ತಮ್ಮನನ್ನು ಎತ್ತಿ ಆಡಿಸಿದವಳು ಅವಳೇ. ಊರು ಇಬ್ಭಾಗವಾಗಿತ್ತು. ಹಾದಿ ಬಿಟ್ಟರೆ ಕೊಟ್ಟ ಮಾತು ಹೋಗುತ್ತದೆ, ಬಿಡದಿದ್ದರೆ ಇನ್ನೊಬ್ಬನ ಕಾಲು ಹೋಗಬಹುದು. ಎರಡು ಕಡೆಯವರೂ ಕೆಟ್ಟವರಲ್ಲ, ಅದೇ ಕಷ್ಟ.

ಕೊನೆಗೆ ಗೌಡನೇ ಒಂದು ದಾರಿ ಹುಡುಕಿದ. ತಾವು ಇಣುಕುವಂತಿಲ್ಲ. ಸಂಚಾರಿಯಾದರೋ ಆಚೆಯೂರಿನ ಅನ್ನ ಉಂಡವನಲ್ಲ, ಊರು ನೋಡುವುದೇ ಅವನ ಕಸುಬು. ಅವನು ಹೋಗಿ ನೋಡಿ ಬರಲಿ. ಜನ ಇದ್ದರೆ ಬಂಡೆ ಉರುಳಲಿ ಬೆಟ್ಟವೇ ಉರುಳಲಿ, ಹಾದಿ ಸವರುವುದು ನಿಲ್ಲುವುದಿಲ್ಲ. ಇಲ್ಲವೆಂದರೆ ಈ ವರ್ಷಕ್ಕೇ ಮುಗಿಯಿತು. ಈರಜ್ಜಿ ಸಂಚಾರಿಯ ಕಡೆ ತಿರುಗಿದಳು. "ಕಂಡಿದ್ದನ್ನ ಕಂಡ ಹಾಗೆ ಹೇಳ್ತೀಯಾ, ಮಗ?" ಎಂದಳು. ಅದೊಂದರಲ್ಲಿ ತಾನು ಈವರೆಗೆ ತಪ್ಪಿಲ್ಲ ಎಂದ ಸಂಚಾರಿ. "ಹಾಗಾದ್ರೆ ಹೋಗಿ ಬಾ" ಎಂದು ಅವಳೇ ಬುತ್ತಿ ಕಟ್ಟಿದಳು.

ಅವನು ಅವರ ಮೇಲಿನ ಅಭಿಮಾನದಿಂದಲೇ ಹೊರಟ, ಸುಳ್ಳಲ್ಲ. ಆದರೆ ಒಳಗೆ ಇನ್ನೊಂದು ಆಸೆಯೂ ಕುಣಿಯುತ್ತಿತ್ತು. ಇಷ್ಟು ತಲೆಮಾರಿನಿಂದ ಹೊರಗಿನವರು ಯಾರೂ ನೋಡದ ಊರು! ಹಾಲು ಕುಡಿಯಲು ಹೊರಟವನಿಗೆ ಸಕ್ಕರೆಯೂ ಸಿಕ್ಕ ಹಾಗಾಗಿತ್ತು.

ಕಣಿವೆಯ ಬಾಯಿಯ ತನಕ ಅವನು ಸರಸರನೆ ಏರಿದ. ಗವಿಯಲ್ಲಿ ಗಡಿಗೆ ಕಂಡಿತು, ಮುಚ್ಚಳಕ್ಕೆ ಬಟ್ಟೆ ಬಿಗಿದಿತ್ತು. ಅದಕ್ಕೆ ಕೈಮುಗಿದು ಮುಂದೆ ಹೋದ. ಕಣಿವೆ ದಾಟಿದ್ದೇ ತಡ, ಹಾದಿ ಇಲ್ಲವಾಯಿತು. ಆಳೆತ್ತರದ ಮುಳ್ಳು. ಕೋಲಿನಿಂದ ಸರಿಸಿದರೆ ಬೆನ್ನಿಗೆ ಚುಚ್ಚುತ್ತದೆ, ಬಗ್ಗಿದರೆ ನೆತ್ತಿಗೆ ಚುಚ್ಚುತ್ತದೆ. ಪಂಚೆ ಹರಿಯಿತು, ಪಾದ ರಕ್ತವಾಯಿತು. ಆದರೂ ಹೋದ. ಹೊತ್ತು ಬಾಗುವ ವೇಳೆಗೆ ಆಚೆಯೂರು ಸಿಕ್ಕಿತು.

ಜನ ಇರಲಿಲ್ಲ. ಗೋಡೆಗಳು ಮೊಣಕಾಲೆತ್ತರಕ್ಕೆ ಇಳಿದಿದ್ದವು. ಒಂದು ಮನೆಯೊಳಗೆ ಒಲೆಯ ಗುಂಡುಗಳು ಹಾಗೆಯೇ ಇದ್ದವು. ಇನ್ನೊಂದರಲ್ಲಿ ಬೀಸುವ ಕಲ್ಲಿನ ಕೆಳಹೋಳು ಮಾತ್ರ ಉಳಿದಿತ್ತು, ಅದರ ನಡುವಿನ ಕುಳಿಯಲ್ಲಿ ಮಳೆನೀರು ನಿಂತಿತ್ತು. ಅವರು ಯಾವಾಗ ಹೋದರು, ಎಲ್ಲಿಗೆ ಹೋದರು, ರೋಗ ಬಂತೋ, ಬೇರೆ ಸೀಮೆಗೆ ಗುಳೆ ಹೋದರೋ, ಹೇಳಲು ಒಂದು ನರಪಿಳ್ಳೆಯಿಲ್ಲ.

ಜೀವಮಾನವೆಲ್ಲ ಅವನು ಹುಡುಕಿದ್ದು ಇಂಥ ಜಾಗವನ್ನೇ. ಹಿಗ್ಗಬೇಕಾಗಿತ್ತು, ಹಿಗ್ಗಲಿಲ್ಲ. ನನಗಿಂತ ಮೊದಲು ಇಲ್ಲಿಗೆ ಯಾರಾದರೂ ಬಂದಿದ್ದರೇ ಎಂದು ಕೇಳೋಣವೆಂದರೆ ಉತ್ತರ ಹೇಳುವವರೇ ಇರಲಿಲ್ಲ. ಬೀಜದ ಕಾಳು ಬೇಯಿಸಿ ಹಾಕಿದ ಒಲೆ ಇದೇ ಇರಬಹುದು ಎನ್ನಿಸಿತು. ಅದರ ಮುಂದೆ ಕುಕ್ಕರಿಸಿ, ಯಾರದೋ ತಿಥಿಗೆ ಬಂದವನ ಹಾಗೆ ಸುಮ್ಮನೆ ಕೂತ. ಅಳು ಬಂತು. ತಡೆಯಲಿಲ್ಲ.

ಆ ರಾತ್ರಿ ಅಲ್ಲೇ ಕಳೆದು ಬೆಳಿಗ್ಗೆ ಹಿಂತಿರುಗಿದ. ಒಂದು ಹಳ್ಳದ ಇಳಿಜಾರಿನಲ್ಲಿ ಕಾಲು ಜಾರಿತು. ಪಾದ ಉಳುಕಿತು, ಬುತ್ತಿಯಿದ್ದ ಜೋಳಿಗೆ ಕೆಳಗಿನ ಕಮರಿಗೆ ಉರುಳಿತು. ಮೇಲಿನಿಂದ ಮಂಜು ಇಳಿದು ಕಣ್ಣ ಮುಂದಿನ ಕೈ ಕಾಣದಂತಾಯಿತು. ಇಲ್ಲೇ ಸತ್ತರೆ ಸತ್ತದ್ದೂ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಆಗ ಹೊಳೆಯಿತು. ಯಾರೂ ಬಾರದ ಜಾಗದ ಆ ಇನ್ನೊಂದು ಮುಖವನ್ನು ಅವನು ಎಂದೂ ನೆನೆಸಿರಲಿಲ್ಲ.

ತೆವಳಿದ. ಮುಳ್ಳಿನ ಬುಡದಲ್ಲಿ ಕೈಗೆ ಒಂದು ಕಲ್ಲು ತಾಗಿತು, ಪಕ್ಕದಲ್ಲಿ ಇನ್ನೊಂದು. ತಡವಿ ನೋಡಿದರೆ ಕುಸಿದ ಗುಪ್ಪೆ. ಇನ್ನಷ್ಟು ತೆವಳಿದಾಗ ಮತ್ತೊಂದು ಸಿಕ್ಕಿತು. ಆಚೆಯೂರಿನವರೂ ತಾವಿರುವ ತನಕ ಈಚೆಯವರಿಗಾಗಿ ಹಾದಿ ಇಟ್ಟಿದ್ದರು! ಮತ್ತೆ ಬರ ಬಿದ್ದರೆ ಪಾಪ, ಬರಲಿ ಎಂದು ಇಟ್ಟಿರಬೇಕು. ಅವನು ಆ ಕಲ್ಲುಗಳನ್ನು ಕುರುಡನಂತೆ ಸವರಿಕೊಂಡು ಕಣಿವೆ ಮುಟ್ಟಿದ. ಗವಿಯೊಳಗೆ ಹೊಕ್ಕಾಗ ಮೈಯಲ್ಲಿ ಜೀವ ಇತ್ತು, ತ್ರಾಣ ಇರಲಿಲ್ಲ.

ಗಡಿಗೆ ಎದುರಿಗಿತ್ತು. ಇದು ನನಗಿಟ್ಟದ್ದಲ್ಲ ಎಂದುಕೊಂಡ. ಹಸಿವು ಆ ಮಾತು ಕೇಳಲಿಲ್ಲ. ಬಟ್ಟೆ ಬಿಚ್ಚಿದ. ಒಂದು ಹಿಡಿ ಸಾಕು ಎಂದು ಶುರು ಮಾಡಿದ. ಹುರಿಗಾಳು, ಬೆಲ್ಲ. ಅಷ್ಟು ರುಚಿಯಾದದ್ದನ್ನು ಅವನು ಯಾವ ಅರಮನೆಯಲ್ಲೂ ತಿಂದಿರಲಿಲ್ಲ. ಸೌದೆ ಹೊತ್ತಿಸಿ ಮೈ ಕಾಯಿಸಿಕೊಂಡ, ಮಲಗಿದ, ಎಚ್ಚರವಾದಾಗ ಮತ್ತೆ ತಿಂದ. ಮಂಜು ತೆಳುವಾಗುವ ತನಕ ಅವನನ್ನು ಬದುಕಿಸಿದ್ದು ಆ ಗಡಿಗೆಯೇ. ಆಗ ನೋಡಿದರೆ ತಳ ಕಂಡಿತ್ತು. ನಾಚಿಕೆಯಾಯಿತು. ತಿಂದವನೇ ತುಂಬಿಸಿ ಕೊಡಬೇಕೆಂದು ಮುಚ್ಚಳ ಮುಚ್ಚಿ, ಗಡಿಗೆಯನ್ನು ಮೇಲುವಸ್ತ್ರದಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಇಳಿಯತೊಡಗಿದ.

ಇಳಿಯುವಾಗ ಬಂಡೆ ಜಾರಿದ ತಿರುವಿನಲ್ಲಿ ಕೆಳಗಿನಿಂದ ಒಬ್ಬ ಏರಿ ಬರುವುದು ಕಂಡಿತು. ಆ ಮನುಷ್ಯ ಮಂಜಿನಲ್ಲಿ ಇವನ ನೆರಳು ಕಂಡು ಗಕ್ಕನೆ ನಿಂತ. ಕೈಯಲ್ಲಿದ್ದ ಕಂಬಳಿ ಜಾರಿ ಬಿತ್ತು.

"ಯಾರದು? ಯಾವ ಕಡೆಯಿಂದ ಬಂದಿರಿ?" ಎಂದ.

ಗೌಡ. ಹೋದವನು ಮರಳಲಿಲ್ಲವೆಂದು ತಾನೇ ಹುಡುಕಿಕೊಂಡು ಬಂದಿದ್ದ. ನಾನೇ ಎಂದ ಸಂಚಾರಿ. "ಓ, ನೀವಾ" ಎಂದ ಗೌಡ. ಆ ದನಿ ಆರಿದ್ದು ಸಂಚಾರಿಗೆ ಕೇಳಿಸಿತು. ಗೌಡ ಏನನ್ನೂ ಕೇಳದೆ ಕಂಬಳಿ ಹೊದಿಸಿ, ಅವನನ್ನು ಗಂಟುಮೂಟೆ ಸಮೇತ ಬೆನ್ನ ಮೇಲೆ ಹೊತ್ತುಕೊಂಡು ಇಳಿದ.

ಊರೆಲ್ಲ ಕಟ್ಟೆಯ ಬಳಿ ಸೇರಿತ್ತು. ಕಾಲು ಹೋದ ತಮ್ಮನೂ ಮಂಚದ ಮೇಲೆ ಹೊರಗೆ ಬಂದಿದ್ದ. ಸಂಚಾರಿಯನ್ನು ಇಳಿಸಿದ ಮೇಲೆ ಗೌಡ ಕೇಳಿದ, "ಅಲ್ಲಿ ಯಾರಾದ್ರೂ ಇದ್ದಾರಾ?"

ಸಂಚಾರಿ ಈರಜ್ಜಿಯ ಕಡೆ ನೋಡಿದ. ಇದ್ದಾರೆ ಎಂದುಬಿಟ್ಟರೆ ಆ ಮುಖ ಅರಳುತ್ತದೆ. ಯಾರು ಹೋಗಿ ಪರೀಕ್ಷಿಸುತ್ತಾರೆ? ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಮಾತು ಉಳಿಸಿಕೊಳ್ಳಲು ಇಷ್ಟು ತಲೆಮಾರು ದುಡಿದವರ ಮುಂದೆ ಮಾತು ತಪ್ಪುವುದು ಹೇಗೆ?

"ಯಾರೂ ಇಲ್ಲ" ಎಂದ. "ಊರು ಹಾಳುಬಿದ್ದು ಬಹಳ ಕಾಲವಾಗಿದೆ. ಆ ಕಡೆಯೂ ಕಲ್ಲುಗುಪ್ಪೆಗಳಿವೆ. ಇರುವ ತನಕ ಅವರೂ ನಿಮಗಾಗಿ ಹಾದಿ ಇಟ್ಟಿದ್ದರು. ಈಗ ಯಾರೂ ಇಲ್ಲ."

ಗೆದ್ದ ಗೌಡನ ಮುಖದಲ್ಲೂ ಗೆಲುವಿರಲಿಲ್ಲ. ಈರಜ್ಜಿ ಕಣ್ಣೊರೆಸಿಕೊಂಡು ಮುಂದೆ ಬಂದಳು. ಗಂಟಿನಲ್ಲಿ ಗಡಿಗೆ ಇರುವುದನ್ನು ಕಂಡಿದ್ದಳು. ಮೇಲಿನ ಗಡಿಗೆ ಕೆಳಗೆ ಬಂತೆಂದರೆ ತೆರೆದು ಆ ಮಾತು ಹೇಳಬೇಕು. ಕೊನೆಯ ಸಲವಾದರೂ ಹೇಳಬೇಕು.

"ಈ ವರ್ಷ ಬರಲಿಲ್ಲ..." ಎನ್ನುತ್ತ ಮುಚ್ಚಳ ತೆಗೆದಳು. ಅಲ್ಲಿಗೇ ನಿಲ್ಲಿಸಿದಳು. ಗಡಿಗೆಯೊಳಗೆ ಕೈಯಾಡಿಸಿದಳು. ಅವಳಮ್ಮನ ಕಾಲದಲ್ಲಾಗಲಿ ಅವಳ ಕಾಲದಲ್ಲಾಗಲಿ ಆ ಗಡಿಗೆ ಬರಿದಾಗಿ ಬಂದದ್ದಿಲ್ಲ.

"ತಪ್ಪಾಯಿತು, ಅಜ್ಜಿ" ಎಂದ ಸಂಚಾರಿ. "ನಾನು ತಿಂದೆ. ನನಗಿಟ್ಟದ್ದಲ್ಲವೆಂದು ಗೊತ್ತಿತ್ತು. ಕಾಲು ನೆಟ್ಟಗಾಗಲಿ, ದುಡಿದು ತುಂಬಿಸಿಕೊಡುತ್ತೇನೆ."

ಈರಜ್ಜಿ ಬಾಯಿ ತೆರೆಯುವ ಮೊದಲು ಗೌಡ ಕೇಳಿದ, "ಯಾವ ಕಡೆಯಿಂದ ಬರುವಾಗ ತಿಂದಿರಿ?"

"ಆ ಕಡೆಯಿಂದ ಬರುವಾಗ."

ಗೌಡ ಆ ಬರಿಗಡಿಗೆಯೊಳಗೆ ಇಣುಕಿ ನೋಡಿದ. ಆಮೇಲೆ ಜನರ ಕಡೆ ತಿರುಗಿದ. "ಮಂಜಿನಲ್ಲಿ ಇವರು ಇಳಿದು ಬರೋದು ಕಂಡಾಗ ನನ್ನ ಎದೆ ಝಲ್ ಅಂತು. ಬಂದರು ಅಂದುಕೊಂಡೆ. ಆಮೇಲೆ ಇವರೇ ತಾನೆ ಅಂತ ಸುಮ್ಮನಾದೆ. ಸುಮ್ಮನಾಗಬಾರದಾಗಿತ್ತು. ಹಸಿದೋರು ಬಂದರು, ಆ ಕಡೆಯಿಂದಲೇ ಬಂದರು, ನಮ್ಮ ಹಾದೀಲೇ ಬಂದರು. ಇನ್ನೇನು ಬೇಕು?"

ಅವನೇ ಮನೆಯಿಂದ ಯಾರೂ ಬಳಸದ ಕಂಬಳಿಯೊಂದನ್ನು ತಂದು ಕಣಿವೆಯ ಕಡೆ ಮುಖ ಮಾಡಿ ಹಾಸಿದ. ಆಚೆಯೂರಿನವರಿಗೆಂದು ಅವನಜ್ಜನ ಕಾಲದಿಂದ ಮಡಿಸಿಟ್ಟಿದ್ದ ಕಂಬಳಿ ಅದು. ಸಂಚಾರಿಯನ್ನು ಅದರ ಮೇಲೆ ಕೂರಿಸಿ, ಬಿಸಿನೀರು ತರಿಸಿ ಅವನ ಕಾಲು ತೊಳೆಯಲು ಕೂತ. ಪಾದದ ತುಂಬ ಮುಳ್ಳು ಮುರಿದುಕೊಂಡಿತ್ತು. ಗೌಡ ಒಂದೊಂದಾಗಿ ಕಿತ್ತ. ಕಿತ್ತು, "ಇವು ಎಲ್ಲಿಯವು?" ಎಂದು ಕೇಳಿದ. "ಕಣಿವೆಯ ಆಚೆಯವು" ಎಂದ ಸಂಚಾರಿ. "ಈಚೆ ಬಂದ ಮೇಲೆ ಒಂದೂ ಚುಚ್ಚಲಿಲ್ಲ." ಮಂಚದ ಮೇಲಿದ್ದ ತಮ್ಮ ಆ ಮಾತು ಕೇಳಿ ಮೊದಲ ಸಲ ನಕ್ಕ.

ಈರಜ್ಜಿ ಗಡಿಗೆಯನ್ನು ತೊಳೆದು ಬಿಸಿಲಿಗಿಟ್ಟಳು. "ಈ ವರ್ಷ ಬಂದರು" ಎಂದಳು. ಆ ಮಾತು ಹೇಳಿ ಅಭ್ಯಾಸವಿಲ್ಲದ್ದರಿಂದ ಇನ್ನೊಮ್ಮೆ ಹೇಳಿ ನೋಡಿದಳು. ಮಾರನೆಯ ದಿನ ಗೌಡನೇ ಎಲ್ಲರಿಗಿಂತ ಮುಂದೆ ಮಚ್ಚು ಹಿಡಿದು ಹೊರಟ. ಬಂಡೆ ಸಡಿಲಾದ ಕಡೆ ಹಾದಿಯನ್ನು ಸ್ವಲ್ಪ ಬಳಸಿ ಹಾಕೋಣವೆಂದ. ಗಡಿಗೆ ಮತ್ತೆ ತುಂಬಿಕೊಂಡು ಮೇಲೆ ಹೋಯಿತು.

ಕಾಲು ನೆಟ್ಟಗಾದ ಮೇಲೆ ಸಂಚಾರಿ ಎಲ್ಲರಿಗೂ ಕೈಮುಗಿದು ಕೆಳಕ್ಕೆ ಹೊರಟ. ಬಂದ ಹಾದಿಯೇ. ಅರ್ಧ ದೂರ ಹೋದವನು ನಿಂತುಬಿಟ್ಟ. ಹಾದಿಯ ಎರಡೂ ಮಗ್ಗುಲಲ್ಲಿ, ಮೊಣಕಾಲಿನ ಮಟ್ಟಕ್ಕೆ, ಮಚ್ಚಿನಿಂದ ಸವರಿದ ಕೊಂಬೆಗಳ ಮೊಂಡುಗಳಿದ್ದವು. ಕೆಳಗಿನ ತಿರುವಿನ ತನಕ ಇದ್ದವು, ತಿರುವಿನಾಚೆಗೂ ಇದ್ದವು. ಏರಿ ಬರುವಾಗ ಇವು ಇರಲಿಲ್ಲವೇ? ಇದ್ದವು. ಅವನು ಹಾದಿಯ ಪಕ್ಕದಲ್ಲೇ ಕೂತುಕೊಂಡ. ತಾನು ಸುತ್ತಿದ ಊರುಗಳ ಹಾದಿಗಳನ್ನೆಲ್ಲ ಒಂದೊಂದಾಗಿ ನೆನಪಿಗೆ ತಂದುಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕೈಯಲ್ಲಿ ಅವರೆಕಾಯಿ ಹಾಗೆಯೇ ಉಳಿದಿತ್ತು.

"ದೊಡ್ಡ ಜನ, ಗುರುಗಳೇ" ಎಂದ. "ಅಂಥವರನ್ನು ಕಾಣಲು ಎಷ್ಟು ದೂರ ಬೇಕಾದರೂ ಹೋಗಬಹುದು. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿಯಿತಲ್ಲ. ಯಾರೂ ಕಾಲಿಡದ ಜಾಗ ಎಲ್ಲಿದೆ?"

"ಹೇಳೋಣ" ಎಂದರು ಗುರುಗಳು. "ಅದಕ್ಕೆ ಮೊದಲು ನೀನು ಒಂದು ಹೇಳು. ಕೋಡುಗಲ್ಲಿನ ತನಕ ಬರಿಗಾಲಲ್ಲಿ ಹೋಗಿ ಬಂದೆ, ಒಂದು ಮುಳ್ಳು ಚುಚ್ಚಲಿಲ್ಲ ಎಂದೆಯಲ್ಲ, ಆ ಹಾದಿಯ ಮುಳ್ಳೆಲ್ಲ ಎಲ್ಲಿ ಹೋಯಿತು?"

ಶಿಷ್ಯ ತನ್ನ ಪಾದಗಳನ್ನು ನೋಡಿಕೊಂಡ.